ಸಹಾಯ ಬೇಕು: ಗಣಿತ ಪೀರಿಯಡ್ಡಿನ ಮೊದಲ ಹತ್ತು ನಿಮಿಷಕ್ಕೆ ಏನು ಮಾಡಿಸಲಿ?

ಗ್ರೂಪಿನ ಸರ್, ಮೇಡಂ ಎಲ್ಲರಿಗೂ ನಮಸ್ಕಾರ. ನನ್ನದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. 4 ಮತ್ತು 5ನೇ ತರಗತಿ ಒಂದೇ ಕೋಣೆಯಲ್ಲಿ ಕೂರುತ್ತವೆ.

ಪಾಠಕ್ಕೆ ಮುಂಚೆ ಆ ದಿನದ ತಾರೀಖನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ. 24 ಅಂದರೆ, ಅದನ್ನು ಎಷ್ಟು ಬಗೆಯಲ್ಲಿ ಮಾಡಬಹುದು ಹೇಳಿ ಅಂತ. 12+12, 30-6, ಆರು ನಾಲ್ಕಲೆ, 48ರ ಅರ್ಧ... ಚೆನ್ನಾಗಿ ನಡೆಯುತ್ತದೆ. ಆದರೆ ಬಾಯಿ ಬಿಡುವುದು ಅದೇ ನಾಲ್ಕೈದು ಮಕ್ಕಳು. ಉಳಿದವರು ಸುಮ್ನೆ ಕೂತಿರುತ್ತಾರೆ. ಸ್ಲೇಟಿನಲ್ಲಿ ಬರೆದು ಎಲ್ಲರೂ ಒಟ್ಟಿಗೆ ಎತ್ತಿ ತೋರಿಸಿ ಅಂದರೆ ಪಕ್ಕದವರದ್ದು ನೋಡಿ ಬರೆಯುತ್ತಾರೆ!

ಮಗ್ಗಿಯದ್ದು ಇನ್ನೊಂದು ಕಥೆ. ರಾಗವಾಗಿ ಹೇಳುತ್ತಾರೆ. ನಡುವೆ ಏಳೆಂಟ್ಲೆ ಎಷ್ಟು ಅಂದರೆ ಮತ್ತೆ ಏಳೊಂದ್ಲೆಯಿಂದ ಶುರು.

ಎಲ್ಲಕ್ಕಿಂತ ಜಾಸ್ತಿ ತಲೆನೋವು ದಶಕ ಸಹಿತ ಕಳೆಯುವ ಲೆಕ್ಕ. 402-178 ಕೊಟ್ಟರೆ 376 ಬರೆಯುತ್ತಾರೆ. ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದುಬಿಡುತ್ತಾರೆ, ಮೇಲೆ ಯಾವುದು, ಕೆಳಗೆ ಯಾವುದು ನೋಡುವುದೇ ಇಲ್ಲ. ಕಡ್ಡಿ ಕಟ್ಟು ಬಿಚ್ಚಿ ತೋರಿಸಿದಾಗ ಅರ್ಥವಾಗುತ್ತದೆ, ಪುಸ್ತಕಕ್ಕೆ ಬಂದರೆ ಅದೇ 376. ನಡುವೆ ಸೊನ್ನೆ ಬಂದರೆ ನೀವು ಹೇಗೆ ರೂಢಿ ಮಾಡಿಸುತ್ತೀರಿ?

ಎರಡೂ ತರಗತಿಗೆ ಒಂದೇ ಪ್ರಶ್ನೆ ಆಗಬೇಕು, ಸುಲಭವಾಗಿಯೂ ಕಷ್ಟವಾಗಿಯೂ ಉತ್ತರಿಸಲು ಬರಬೇಕು. ಪ್ರೊಜೆಕ್ಟರ್ ಇಲ್ಲ. ಹುಣಸೆಬೀಜ, ಕಡ್ಡಿ, ಸ್ಲೇಟು ಇವೆ. ದಯವಿಟ್ಟು ವರ್ಕ್‌ಶೀಟ್ ಪಿಡಿಎಫ್ ಬೇಡ, ಜೆರಾಕ್ಸಿಗೆ ಪೇಟೆಗೇ ಹೋಗಬೇಕು. ನಿಮ್ಮ ತರಗತಿಯಲ್ಲಿ ನಿಜವಾಗಿ ನಡೆದ ಆಟವಿದ್ದರೆ ಎರಡು ಸಾಲಿನಲ್ಲಿ ಬರೆಯಿರಿ, ವಾಯ್ಸ್ ಮೆಸೇಜ್ ಆದರೂ ಸರಿ.