ಬ್ಲೆಂಡರ್ ತೆರೆದರೆ ಕೈಯೇ ಓಡಲ್ಲ, ಎಲ್ಲಿಂದ ಶುರು ಮಾಡಲಿ?

ಹೊಸಬಿ: ತ್ರೀಡಿ ಕಲಿಯೋಣ ಅಂತ ಬ್ಲೆಂಡರ್ ಸಾಫ್ಟ್‌ವೇರ್ ಹಾಕಿಕೊಂಡೆ. ತೆರೆದ ಕೂಡಲೇ ಸುತ್ತ ನೂರೆಂಟು ಬಟನ್. ತಪ್ಪಿ ಒಂದು ಕೀ ಒತ್ತಿದರೆ ಎಲ್ಲ ಮಾಯ, ಏನು ಒತ್ತಿದೆ ಅಂತಲೂ ತಿಳಿಯಲ್ಲ. ಲ್ಯಾಪ್‌ಟಾಪಲ್ಲಿ ನಂಬರ್ ಪ್ಯಾಡ್ ಇಲ್ಲ, ಮೌಸೂ ಇಲ್ಲ. ಯಾವುದನ್ನು ಮೊದಲು ಕಲಿಯಲಿ, ಯಾವುದನ್ನು ಬಿಡಲಿ?

ಮೂರುಮೂಲೆ: ಬಟನ್ ಬಿಡಿ, ವಾಪಸ್ ಬರುವ ದಾರಿ ಕಲಿಯಿರಿ. ಕಂಟ್ರೋಲ್+ಝಡ್ ಒತ್ತಿದಷ್ಟು ಸಲ ಒಂದೊಂದೇ ಹೆಜ್ಜೆ ಹಿಂದಕ್ಕೆ ಒಯ್ಯುತ್ತದೆ. ವಸ್ತು ಮಾಯವಾದರೆ ಹೆಚ್ಚಾಗಿ ಎಚ್ ಒತ್ತಿರುತ್ತೀರಿ, ಅದು ಅಡಗಿಸುವ ಕೀ. ಆಲ್ಟ್+ಎಚ್ ಒತ್ತಿದರೆ ಬರುತ್ತದೆ. ಒಂದೇ ಚೌಕ ಪರದೆ ತುಂಬಿದರೆ ಕಂಟ್ರೋಲ್+ಸ್ಪೇಸ್. ಝೂಮ್ ಮುಂದೆ ಹೋಗದೆ ನಿಂತರೆ ವಸ್ತು ಆರಿಸಿ, ವ್ಯೂ ಮೆನುವಿನಲ್ಲಿ ಫ್ರೇಮ್ ಸೆಲೆಕ್ಟೆಡ್.

ಇನ್ನೊಂದು ವಿಷಯ. ಕೀ ಕೆಲಸ ಮಾಡುವುದು ಮೌಸ್ ಬಾಣ ಯಾವ ಚೌಕದ ಮೇಲಿದೆಯೋ ಅಲ್ಲಿ. ಬಾಣ ಕೆಳಗಿನ ಟೈಮ್‌ಲೈನ್ ಮೇಲಿದ್ದಾಗ ಜಿ (ಜರುಗಿಸುವ ಕೀ) ಒತ್ತಿದರೆ ಕ್ಯೂಬ್ ಅಲುಗಾಡಲ್ಲ. ಕೆಟ್ಟುಹೋಯ್ತು ಅಂತ ಜನ ಗಾಬರಿಯಾಗುವುದು ಬಹಳಷ್ಟು ಸಲ ಇಲ್ಲೇ.

ರಾತ್ರಿಪಾಳಿ: ಚಕ್ರ ಇರೋ ಸಾದಾ ಮೌಸ್ ಒಂದು ತನ್ನಿ. ಅಲ್ಲಿವರೆಗೆ ಪ್ರಿಫರೆನ್ಸಸ್, ಇನ್‌ಪುಟ್‌ನಲ್ಲಿ 'ಎಮ್ಯುಲೇಟ್ 3 ಬಟನ್ ಮೌಸ್' ಹಾಕಿ. ಆಲ್ಟ್ ಹಿಡಿದು ಎಡ ಬಟನ್ ಎಳೆದರೆ ನೋಟ ತಿರುಗುತ್ತದೆ. 'ಎಮ್ಯುಲೇಟ್ ನಂಪ್ಯಾಡ್' ಮಾತ್ರ ಮುಟ್ಟಬೇಡಿ, ಯಾರು ಹೇಳಿದರೂ. ಆಕಾರ ತಿದ್ದುವ ಎಡಿಟ್ ಮೋಡ್‌ನಲ್ಲಿ 1, 2, 3 ಅಂದರೆ ವರ್ಟೆಕ್ಸ್ (ಮೂಲೆಯ ಚುಕ್ಕೆ), ಎಡ್ಜ್ (ಅಂಚಿನ ಗೆರೆ), ಫೇಸ್ (ಮೈಯ ಚಪ್ಪಟೆ ಭಾಗ). ಎಮ್ಯುಲೇಟ್ ನಂಪ್ಯಾಡ್ ಹಾಕಿದರೆ ಈ ಅಂಕಿಗಳೇ ನಂಬರ್ ಪ್ಯಾಡ್ ಆಗಿಬಿಡುತ್ತವೆ, 3 ಒತ್ತಿದಾಗ ಫೇಸ್ ಬದಲು ಪಕ್ಕದ ನೋಟಕ್ಕೆ ಜಿಗಿಯುತ್ತದೆ. ಬಲ ಮೇಲ್ಮೂಲೆಯ ಎಕ್ಸ್, ವೈ, ಝಡ್ ಚುಕ್ಕೆಗಳನ್ನು ಕ್ಲಿಕ್ ಮಾಡಿದರೂ ನೋಟ ಬದಲಾಗುತ್ತದಲ್ಲ.

2019ರ ಜುಲೈಗಿಂತ ಹಳೆಯ ವಿಡಿಯೋ ನೋಡಬೇಡಿ. ಬ್ಲೆಂಡರ್ 2.80 ಆವೃತ್ತಿ ಬರುವ ಮುಂಚೆ ವಸ್ತು ಆರಿಸಲು ಬಲ ಕ್ಲಿಕ್ ಇತ್ತು, ತಲೆ ಕೆಡುತ್ತದೆ.

ಹಲಸಿನಮರ: ಮೊದಲ ವಾರ ಕಾಫಿ ಲೋಟ ಒಂದೇ ಮಾಡಿ. ಕ್ಯೂಬ್ ಅಳಿಸಿ, ಶಿಫ್ಟ್+ಎ, ಮೆಶ್, ಸಿಲಿಂಡರ್. ಎತ್ತರ 2 ಮೀಟರ್ ಬರುತ್ತದೆ, ಲೋಟವೋ ನೀರಿನ ಟ್ಯಾಂಕೋ ಅಂತ ಈಗ ಕೇಳಬೇಡಿ. ಟ್ಯಾಬ್ (ಎಡಿಟ್ ಮೋಡ್‌ಗೆ), 3, ಮೇಲಿನ ಫೇಸ್ ಆರಿಸಿ. ಎಸ್ 1.2 ಎಂಟರ್: ಬಾಯಿ ಅಗಲವಾಯಿತು. ಐ 0.05 ಎಂಟರ್: ಅಂಚಿನ ದಪ್ಪ. ಇ -1.8 ಎಂಟರ್: ಒಳಗೆ ಇಳಿಯಿತು.

ಎಡವುವುದು ಇಲ್ಲೇ. ಲೋಟ ಕೆಳಕ್ಕೆ ಕಿರಿದಾಗುತ್ತದೆ, ಒಳಗೋಡೆ ಮಾತ್ರ 1.15 ತ್ರಿಜ್ಯದಲ್ಲೇ ನೆಟ್ಟಗೆ ಇಳಿದಿದೆ. ಆ ಆಳದಲ್ಲಿ ಹೊರಗೋಡೆ ಬರೀ 1.02. ಹಾಗಾಗಿ ಒಳಗಿನದು ಹೊರಗೆ ಇಣುಕುತ್ತದೆ. ಫೇಸ್ ಇನ್ನೂ ಆಯ್ಕೆಯಲ್ಲಿರುವಾಗಲೇ ಎಸ್ 0.84 ಕೊಡಿ.

ಇ ಒತ್ತಿ ಬೇಡ ಅನ್ನಿಸಿ ಎಸ್ಕೇಪ್ ಒತ್ತಿದರೆ ಜರುಗಿದ್ದಷ್ಟೇ ರದ್ದು. ಹೊಸ ಫೇಸ್‌ಗಳು ಹಳೆಯದರ ಮೇಲೇ ಕೂತಿರುತ್ತವೆ. ಕೂಡಲೇ ಕಂಟ್ರೋಲ್+ಝಡ್ ಕೂಡ ಒತ್ತಿ. ತಡವಾಗಿ ಗೊತ್ತಾದರೆ ಎಲ್ಲ ಆರಿಸಿ ಎಂ, ಬೈ ಡಿಸ್ಟೆನ್ಸ್: ಒಂದರ ಮೇಲೊಂದು ಕೂತ ಚುಕ್ಕೆಗಳು ಒಂದಾಗುತ್ತವೆ.

ಹೊಸಬಿ: ಲೋಟ ಬಂತು! ಸ್ಟೀಲಿನಂತೆ ಕಾಣಲಿ ಅಂತ ಮೆಟಾಲಿಕ್ 1, ರಫ್‌ನೆಸ್ (ಒರಟುತನ) 0.2 ಕೊಟ್ಟೆ, ಮೆಟೀರಿಯಲ್ ಪ್ರಿವ್ಯೂನಲ್ಲಿ ಫಳಫಳ. ಎಫ್12 ಒತ್ತಿ ರೆಂಡರ್ (ಅಂತಿಮ ಚಿತ್ರ) ತೆಗೆದರೆ ಮಂಕು ಬೂದಿ ಬಣ್ಣ, ಯಾಕೆ?

ಮೂರುಮೂಲೆ: ಸ್ಟೀಲು ತೋರಿಸುವುದು ಸುತ್ತ ಇರುವುದನ್ನು. ಪ್ರಿವ್ಯೂನಲ್ಲಿ ಬ್ಲೆಂಡರ್ ತಾನೇ ಒಂದು ಎಚ್‌ಡಿಆರ್ ಚಿತ್ರ (ಸುತ್ತಲಿನ ಬೆಳಕನ್ನೂ ಹಿಡಿದಿಟ್ಟ ಫೋಟೋ) ಸುತ್ತಿರುತ್ತದೆ. ರೆಂಡರ್‌ನಲ್ಲಿ ನಿಮ್ಮ ಖಾಲಿ ಬೂದು ವರ್ಲ್ಡ್ (ಹಿನ್ನೆಲೆ) ಅಷ್ಟೇ. ವರ್ಲ್ಡ್ ಟ್ಯಾಬ್‌ನಲ್ಲಿ ಕಲರ್ ಪಕ್ಕದ ಹಳದಿ ಚುಕ್ಕೆ ಒತ್ತಿ ಎನ್ವಿರಾನ್‌ಮೆಂಟ್ ಟೆಕ್ಸ್ಚರ್ ಆರಿಸಿ, ಪಾಲಿ ಹೇವನ್ ವೆಬ್‌ಸೈಟ್‌ನಿಂದ ಇಳಿಸಿದ ಎಚ್‌ಡಿಆರ್ ಫೈಲ್ ಕೊಡಿ. ಬರೀ ಹೊಳಪಿಗಾದರೆ 1ಕೆ ಅಳತೆಯ ಚಿಕ್ಕ ಫೈಲ್ ಸಾಕು, ದುಡ್ಡೂ ಇಲ್ಲ.