ದ್ರಾಕ್ಷಿ ಕಾಬ್ಲರ್: ಮೇಲೆ ಕೆಂಪಗಾದರೂ ಹಿಟ್ಟಿನ ತಳ ಹಸಿ ಉಳಿಯುವುದೇಕೆ?

ಪ್ರಶ್ನೆ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ತಿಕೋಟಾ ಕಡೆಯ ಬೀಜವಿಲ್ಲದ ದ್ರಾಕ್ಷಿ ಮಾರ್ಚ್ ತಿಂಗಳಲ್ಲಿ ನಮ್ಮ ಮನೆಗೆ ಬುಟ್ಟಿಗಟ್ಟಲೆ ಬರುವುದರಿಂದ, ಅಮೆರಿಕದವರು ಪೀಚ್ ಹಣ್ಣಿನಿಂದ ಮಾಡುವ ಕಾಬ್ಲರ್ ಅನ್ನು (ಹಣ್ಣಿನ ಮೇಲೆ ಹಿಟ್ಟು ಇಟ್ಟು ಓವನ್ನಿನಲ್ಲಿ ಬೇಯಿಸುವ ಸಿಹಿ ತಿನಿಸು) ನಾನು ದ್ರಾಕ್ಷಿಯಿಂದ ಮಾಡುತ್ತಿದ್ದೇನೆ. ಸಿದ್ಧ ಮಿಶ್ರಣ ಬಳಸುವುದಿಲ್ಲ. ಮೇಲಿನ ಹಿಟ್ಟು ಚೆನ್ನಾಗಿ ಕೆಂಪಗಾಗುತ್ತದೆ. ಆದರೆ ಚಮಚೆ ಹಾಕಿ ಎತ್ತಿದಾಗ ಅದರ ತಳ ಅಂಟಂಟಾಗಿ ಹಸಿಯೇ ಇರುತ್ತದೆ, ಹಣ್ಣಿನ ರಸವೂ ಸಾರಿನಂತೆ ತೆಳ್ಳಗೆ ಹರಿಯುತ್ತದೆ. ಇಲ್ಲಿಯ ಬಿಸಿಲಿಗೆ ಬೆಣ್ಣೆಯಂತೂ ಹಿಟ್ಟಿನಲ್ಲಿ ಬೆರೆಸುವಷ್ಟರಲ್ಲಿಯೇ ಕರಗಿ ಎಣ್ಣೆಯಾಗುತ್ತದೆ. ಅತ್ತೆಯವರು ಮೊಟ್ಟೆ ತಿನ್ನುವುದಿಲ್ಲವಾದ್ದರಿಂದ ಮೊಟ್ಟೆ ಹಾಕುವಂತಿಲ್ಲ. ದೋಷ ಅದರಿಂದಲೇ ಬರುತ್ತಿದೆಯೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ (ಬೆಳಗಾವಿ)

ನಮಸ್ಕಾರ ಅಕ್ಕಾವರೇ. ಮೊಟ್ಟೆಯ ಚಿಂತೆ ಬಿಡಿರಿ. ಹಿಟ್ಟನ್ನು ಹಣ್ಣಿನ ಮೇಲೆ ಚಮಚೆಯಿಂದ ಗುಪ್ಪೆ ಗುಪ್ಪೆಯಾಗಿ ಇಡುವ ಹಳೆಯ ಪದ್ಧತಿಯ ಕಾಬ್ಲರ್‌ಗೆ ಮೊಟ್ಟೆ ಬೇಕಾಗುವುದೇ ಇಲ್ಲ. ಬೇಕಿಂಗ್ ಪೌಡರಿನಿಂದಲೇ ಅದು ಅರಳುತ್ತದೆ. ತಳ ಹಸಿ ಉಳಿಯುವುದಕ್ಕೆ ಕಾರಣ ತಣ್ಣಗಿನ ಹಣ್ಣು. ಓವನ್ನಿನ ಶಾಖ ಮೇಲಿನ ಹಿಟ್ಟನ್ನು ಬೇಗ ಕೆಂಪಗೆ ಮಾಡುತ್ತದೆಯಾದರೂ ಅಡಿಯ ದ್ರಾಕ್ಷಿ ಕುದಿಯುವುದಕ್ಕೆ ಬಹಳ ಹೊತ್ತು ಬೇಕು, ಅಷ್ಟರಲ್ಲಿ ಅದು ಬಿಟ್ಟ ನೀರನ್ನೆಲ್ಲ ಹಿಟ್ಟಿನ ತಳ ಹೀರಿಕೊಳ್ಳುತ್ತದೆ.

ಆದ್ದರಿಂದ ಹಣ್ಣನ್ನು ಮೊದಲೇ ಒಲೆಯ ಮೇಲೆ ಬೇಯಿಸಿಕೊಳ್ಳಿರಿ. 700 ಗ್ರಾಂ ದ್ರಾಕ್ಷಿಗೆ 70 ಗ್ರಾಂ ಸಕ್ಕರೆ ಸಾಕು. ಆ ಸಕ್ಕರೆಯಲ್ಲಿಯೇ 2 ದೊಡ್ಡ ಚಮಚೆ ಕಾರ್ನ್‌ಫ್ಲೋರ್ ಬೆರೆಸಿ ಹಾಕಿದರೆ ಗಂಟು ಕಟ್ಟುವುದಿಲ್ಲ. ಬೆಳ್ಳಗೆ ಮಸುಕಾಗಿದ್ದ ರಸ ಕುದಿ ಬಂದು, ತಿಳಿಯಾಗಿ, ಸೌಟಿಗೆ ಹತ್ತಿಕೊಳ್ಳುವ ತನಕ ಕೈಯಾಡಿಸಿರಿ. ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಾಕಬೇಕು, ಏಕೆಂದರೆ ಹುಳಿಯೊಂದಿಗೆ ಬಹಳ ಹೊತ್ತು ಕುದಿದರೆ ಕಾರ್ನ್‌ಫ್ಲೋರ್ ತನ್ನ ಹಿಡಿತ ಕಳೆದುಕೊಂಡು ರಸ ಮತ್ತೆ ತೆಳುವಾಗುತ್ತದೆ. ಒಂದು ಹಿಡಿ ಒಣದ್ರಾಕ್ಷಿ ಸೇರಿಸಿದರೆ ಹೆಚ್ಚಿನ ರಸವನ್ನು ಅದೂ ಹೀರಿಕೊಳ್ಳುತ್ತದೆ. ನಿಮ್ಮ ಊರಿನಲ್ಲಿ ಅದಕ್ಕೇನೂ ಕೊರತೆಯಿಲ್ಲ.

ಹಿಟ್ಟು ಮಾತ್ರ ಇದಕ್ಕೆ ವಿರುದ್ಧವಾಗಿ ಆದಷ್ಟು ತಣ್ಣಗಿರಬೇಕು. 60 ಗ್ರಾಂ ಬೆಣ್ಣೆಯನ್ನು ಫ್ರೀಜರಿನಲ್ಲಿ ಕಲ್ಲಾಗುವ ತನಕ ಇಟ್ಟು, 150 ಗ್ರಾಂ ಮೈದಾ, ಒಂದೂವರೆ ಚಿಕ್ಕ ಚಮಚೆ ಬೇಕಿಂಗ್ ಪೌಡರ್ ಮತ್ತು 2 ದೊಡ್ಡ ಚಮಚೆ ಸಕ್ಕರೆಯ ಮಿಶ್ರಣದ ಮೇಲೆ ನೇರವಾಗಿ ತುರಿಯಿರಿ. ಬೆಣ್ಣೆಯ ಚೂರುಗಳು ಓವನ್ನಿನೊಳಗೆ ಕರಗಿದಾಗ ಅವುಗಳಲ್ಲಿಯ ನೀರು ಆವಿಯಾಗಿ ಹಿಟ್ಟನ್ನು ಎತ್ತುತ್ತದೆ. ಬೋಗುಣಿಯಲ್ಲಿಯೇ ಕರಗಿಬಿಟ್ಟರೆ ಆ ಹಗುರತನ ಬರುವುದಿಲ್ಲ. ಸುಮಾರು 100 ಮಿಲಿ ತಣ್ಣನೆಯ ಗಟ್ಟಿ ಮಜ್ಜಿಗೆ ಹಾಕಿ, ಒಣಹಿಟ್ಟು ಕಾಣದಷ್ಟು ಮಾತ್ರ ಕಲಸಿರಿ. ಚಪಾತಿಗೆ ನಾದುವ ಅಭ್ಯಾಸವಿರುವ ಕೈಯನ್ನು ಇಲ್ಲಿ ಬಿಗಿಹಿಡಿಯಲೇಬೇಕು, ನಾದಿದಷ್ಟೂ ಅದು ಬಿರುಸಾಗುತ್ತದೆ. ಕುದಿಯುವ ಹಣ್ಣಿನ ಮೇಲೆ ಕೂಡಲೇ ಗುಪ್ಪೆ ಇಡಿರಿ. ಆವಿ ಹೋಗಲು ನಡುವೆ ಸಂದು ಬಿಡಿರಿ. ಮುಂಚೆಯೇ ಕಾಯ್ದ ಓವನ್ನಿನಲ್ಲಿ, 200 ಡಿಗ್ರಿಯಲ್ಲಿ, 25ರಿಂದ 30 ನಿಮಿಷ ಸಾಕು. ನಟ್ಟನಡುವಿನ ಗುಪ್ಪೆಯನ್ನೇ ಕಡ್ಡಿ ಚುಚ್ಚಿ ನೋಡಿರಿ, ಅಂಚಿನದು ಯಾವಾಗಲೂ ಮೊದಲು ಬೇಯುತ್ತದೆ.

ಉತ್ತರ (ಬಾಗಲಕೋಟೆ)

ಮೇಲಿನವರು ಹೇಳಿದ ಕ್ರಮ ಸರಿಯಾಗಿದೆ. ನಮ್ಮ ಕಡೆ ಚಿಕ್ಕು ಹೇರಳವಾಗಿರುವುದರಿಂದ ನಾನು ಅದರಿಂದಲೂ ಮಾಡುತ್ತೇನೆ. ಚಿಕ್ಕುವಿನಲ್ಲಿ ಹುಳಿಯೂ ಕಡಿಮೆ, ರಸವೂ ಕಡಿಮೆ. ಹೀಗಾಗಿ ಕಾರ್ನ್‌ಫ್ಲೋರ್ ಅರ್ಧಕ್ಕೆ ಇಳಿಸಿ, ಇಂಡಿ ತಾಲೂಕಿನ ನಿಂಬೆಯ ರಸವನ್ನು ಧಾರಾಳವಾಗಿ ಹಿಂಡಬೇಕು. ಪೂರ್ತಿ ಮಾಗಿದ ಹಣ್ಣು ಕರಗಿ ಮುದ್ದೆಯಾಗುತ್ತದೆ, ಒತ್ತಿದರೆ ಸ್ವಲ್ಪವೇ ಬಗ್ಗುವ ಹಣ್ಣನ್ನು ಆರಿಸಿಕೊಳ್ಳಿರಿ. ಸಕ್ಕರೆಯ ಬದಲು ಮಹಾಲಿಂಗಪುರದ ಬೆಲ್ಲವನ್ನು ಪುಡಿಮಾಡಿ ಹಾಕುವುದು ನನಗೆ ಹೆಚ್ಚು ಹಿಡಿಸಿದೆ.

ಪ್ರಶ್ನೆ ಕೇಳಿದವರು (ವಿಜಯಪುರ)

ಇಬ್ಬರಿಗೂ ಧನ್ಯವಾದಗಳು. ದ್ರಾಕ್ಷಿಗೂ ಬೆಲ್ಲ ಹೊಂದುತ್ತದೆಯೇ? ಮನೆಯಲ್ಲಿರುವ ಅಲ್ಯೂಮಿನಿಯಂ ಡಬ್ಬಿಯಲ್ಲಿ ಬೇಯಿಸಬಹುದೇ?

ಉತ್ತರ (ಬೆಳಗಾವಿ)

ಚಿಕ್ಕುವಿಗೆ ಬೆಲ್ಲ ಬಹಳ ಚೆನ್ನಾಗಿ ಒಪ್ಪುತ್ತದೆ, ಆದರೆ ದ್ರಾಕ್ಷಿಯ ನವಿರಾದ ಪರಿಮಳವನ್ನು ಅದು ನುಂಗಿಬಿಡುತ್ತದೆ. ಅಲ್ಲಿ ಸಕ್ಕರೆಯೇ ಲೇಸು. ಅಲ್ಯೂಮಿನಿಯಂ ಬೇಡ, ದ್ರಾಕ್ಷಿ ಮತ್ತು ನಿಂಬೆಯ ಹುಳಿ ಅದಕ್ಕೆ ತಾಗಿ ಲೋಹದ ರುಚಿ ಬರುತ್ತದೆ. ಓವನ್ನಿಗೆಂದೇ ಮಾಡಿದ ಗಾಜಿನ ಅಥವಾ ಪಿಂಗಾಣಿ ಪಾತ್ರೆ ಬಳಸಿರಿ. ಹೊರತೆಗೆದ ಮೇಲೆ ಅರ್ಧ ಗಂಟೆ ಮುಟ್ಟದೆ ಬಿಡಿರಿ, ಏಕೆಂದರೆ ರಸ ಪೂರ್ತಿ ಗಟ್ಟಿಯಾಗುವುದು ಆರುವಾಗಲೇ. ಉಳಿದದ್ದನ್ನು ಮರುದಿನ ಓವನ್ನಿನಲ್ಲಿಯೇ ಬಿಸಿಮಾಡಿರಿ; ಮೈಕ್ರೋವೇವಿನಲ್ಲಿ ಮೇಲ್ಪದರ ಮೆತ್ತಗಾಗುತ್ತದೆ.