ಅಪ್‌ಡೇಟ್: ಗೇಟಿನ ಇಳಿಜಾರಿನಲ್ಲಿ ವಾಲಿದ ಬೈಕ್ ಈಗ ಸಲೀಸಾಗಿ ಒಳಗೆ ಬರುತ್ತಿದೆ

ಮನೆ ಗೇಟಿನ ಇಳಿಜಾರಿನಲ್ಲಿ ನನ್ನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್ ವಾಲಿ ಬೀಳುವುದರಲ್ಲಿತ್ತು, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಜಾಸ್ತಿ ಉಪಯೋಗಕ್ಕೆ ಬಂದದ್ದು ಒಂದೇ ಮಾತು: ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿಯಬೇಡಿ. ಹಿಡಿದರೆ 195 ಕೆಜಿ ಗಾಡಿ ಹ್ಯಾಂಡಲ್ ತಿರುಗಿದ ಕಡೆಗೇ ವಾಲುತ್ತದೆ. ಒಂದು ಮಟ್ಟ ದಾಟಿದ ಮೇಲೆ ತೋಳಿನ ಬಲ ಸಾಲುವುದಿಲ್ಲ, ಅಲ್ವಾ? ಈಗ ಮೊದಲು ಹ್ಯಾಂಡಲ್ ನೇರ, ಆಮೇಲೆ ಬ್ರೇಕ್. ತಳ್ಳುವಾಗ ಎಡಗಡೆ ನಿಂತು ಗಾಡಿಯನ್ನು ಸೊಂಟಕ್ಕೆ ಸ್ವಲ್ಪ ಒರಗಿಸಿಕೊಳ್ಳುತ್ತೇನೆ.

ಇಳಿಜಾರಿನಲ್ಲಿ ನಿಲ್ಲಿಸಿದರೆ ಫಸ್ಟ್ ಗೇರ್‌ನಲ್ಲೇ ಬಿಡುತ್ತೇನೆ, ಗಾಡಿ ಉರುಳುವುದಿಲ್ಲ. ಅಂಗಳದ ಹಸಿ ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್ ಹೂತುಹೋಗದಂತೆ ಚಪ್ಪಟೆ ಕಲ್ಲು ಹಾಕಿದ್ದೇನೆ.

ಸೆಂಟರ್ ಸ್ಟ್ಯಾಂಡ್ ಹಾಕುವುದು ಮಾತ್ರ ಇನ್ನೂ ಕಷ್ಟ. ಗೊತ್ತಿದ್ದವರು ದಯವಿಟ್ಟು ಹೇಳಿಕೊಡಿ.